ಕೆಳಮನೆಯ ವೈಣಿಕರು ಅಭ್ಯಾಸ ಮಾಡುವುದು ಯಾವಾಗ?

ಪ್ರಶ್ನೆ: ನಮ್ಮ ಕೆಳಗಿನ ಮನೆಯಲ್ಲಿ ವೀಣೆ ನುಡಿಸುವ ಹೆಣ್ಣುಮಗಳೊಬ್ಬರಿದ್ದಾರೆ. ಐದು ವರ್ಷದ್ದೊಂದು, ಎರಡು ವರ್ಷದ್ದೊಂದು ಮಗು. ಹಗಲಲ್ಲಿ ಒಂದೇ ತುಣುಕು ಮತ್ತೆ ಮತ್ತೆ ಕೇಳಿಸುತ್ತದೆ, ಹತ್ತು ನಿಮಿಷಕ್ಕೆ ನಿಂತೂಬಿಡುತ್ತದೆ. ಒಂದು ಕೃತಿಯನ್ನೂ ಪೂರ್ತಿ ಕೇಳಿದ್ದಿಲ್ಲ. ಆದರೆ ರಾಮೋತ್ಸವದ ಕಚೇರಿಯಲ್ಲಿ ಎರಡು ಗಂಟೆ ಸೊಗಸಾಗಿ ನುಡಿಸಿದರು. ಇದು ಹೇಗೆ ಸಾಧ್ಯ?
ಒಬ್ಬ ಓದುಗರು, ಬೆಂಗಳೂರು

ಉತ್ತರ: ಕೇಳಿದ್ದು ಒಳ್ಳೆಯದಾಯಿತು. ಕಲಾವಿದರನ್ನು ನಾವು ನೋಡುವುದು ರೇಷ್ಮೆ ಸೀರೆಯುಟ್ಟು ವೇದಿಕೆ ಮೇಲೆ ಕುಳಿತಾಗ ಮಾತ್ರ. ಉಳಿದ ದಿನಗಳ ಸದ್ದು ಕಿವಿಗೆ ಬೀಳುವುದು ನಿಮ್ಮಂಥ ನೆರೆಯವರಿಗೆ. ಮನೆಯಲ್ಲಿ ಪೂರ್ತಿ ನುಡಿಸದವರು ಕಚೇರಿಯಲ್ಲಿ ಪೂರ್ತಿ ನುಡಿಸುವುದು ಹೇಗೆ ಎಂಬುದು ನಿಮ್ಮ ಸಂಶಯ, ಅಲ್ಲವೇ?

ಇಲ್ಲಿ ಬಹಳ ಜನಕ್ಕೆ ಆಗುವ ಒಂದು ಗೊಂದಲವಿದೆ. ಕೃತಿಯನ್ನು ಮೊದಲಿನಿಂದ ಕೊನೆಯವರೆಗೆ ನುಡಿಸುವುದೇ ಅಭ್ಯಾಸ ಎಂದುಕೊಳ್ಳುತ್ತೇವೆ. ಹಾಗಲ್ಲ. ಬರುವುದನ್ನು ನುಡಿಸುತ್ತ ಕೂತರೆ ಮನಸ್ಸಿಗೆ ಹಿತ, ಕೈಗೆ ಅಷ್ಟೇನೂ ಲಾಭವಿಲ್ಲ. ತೊಡಕು ಇರುವ ಜಾಗವನ್ನಷ್ಟೇ ಹಿಡಿದು ತಿದ್ದುವುದು ಅಭ್ಯಾಸ. ತೋಡಿ ರಾಗದ ಗಾಂಧಾರವನ್ನೇ ತೆಗೆದುಕೊಳ್ಳಿ. ಅದು ನಿಂತ ಕಡೆ ನಿಲ್ಲುವ ಸ್ವರವಲ್ಲ, ತೂಗಬೇಕು. ವೀಣೆಯಲ್ಲಿ ರಿಷಭದ ಮೆಟ್ಟಿಲ ಮೇಲೆಯೇ ಬೆರಳಿಟ್ಟು, ತಂತಿಯನ್ನು ಪಕ್ಕಕ್ಕೆ ಎಳೆದು ಅದನ್ನು ಹೊರಡಿಸುವುದುಂಟು. ಎಳೆತ ಕೂದಲೆಳೆಯಷ್ಟು ಹೆಚ್ಚಾದರೂ ಕಡಿಮೆಯಾದರೂ ರಾಗ ಕೆಡುತ್ತದೆ. ಇಂಥ ಒಂದು ಹಿಡಿತಕ್ಕೆ ಹತ್ತು ನಿಮಿಷ ಕೊಟ್ಟರೆ ಅದು ಹತ್ತು ನಿಮಿಷದ ನಿಜವಾದ ಕೆಲಸ. ನಿಮಗೆ ಬೇಸರ ತರಿಸಿದ ಆ ತುಣುಕು ಬಹುಶಃ ಇಂಥದ್ದೇ ಇರಬೇಕು.

ಇನ್ನು, ನಿಮಗೆ ಕೇಳಿಸದೇ ಇರುವ ಅಭ್ಯಾಸವೂ ಇದೆ. ಕಚೇರಿಯಲ್ಲಿ ವೀಣೆಗೆ ಮೈಕು ಹಚ್ಚಿರುತ್ತಾರೆ. ಮನೆಯಲ್ಲಿ ಅದರ ದನಿ ತೀರ ಮೆತ್ತಗೆ. ಕೊಠಡಿಯ ಬಾಗಿಲು ಹಾಕಿಕೊಂಡು ನುಡಿಸಿದರೆ ಮೇಲಿನ ಮನೆಗಿರಲಿ, ನಡುಮನೆಗೂ ಸರಿಯಾಗಿ ಮುಟ್ಟುವುದಿಲ್ಲ. ಚಿಕ್ಕ ಮಕ್ಕಳಿರುವ ವೈಣಿಕರಿಗೆ ಇದೊಂದು ವರ. ಮಕ್ಕಳು ಮಲಗಿದ ಮೇಲೆ ಮೃದುವಾಗಿ ಮೀಟುತ್ತ ಕೂರಬಹುದು. ಹಾಡುಗಾರ್ತಿಗೆ ಆ ಅನುಕೂಲವಿಲ್ಲ, ತುಂಬು ಕಂಠದಲ್ಲಿ ಹಾಡಿದರೆ ತೊಟ್ಟಿಲು ಎಚ್ಚರವಾಗುತ್ತದೆ.

ಸದ್ದೇ ಇಲ್ಲದ ಸಾಧನೆಯೂ ಉಂಟು. ಭೈರವಿಯ ಅಟ್ಟತಾಳ ವರ್ಣಕ್ಕೆ ಒಂದು ಆವರ್ತಕ್ಕೆ 14 ಅಕ್ಷರ. ಉಪ್ಪಿಟ್ಟಿನ ರವೆ ಹುರಿಯುತ್ತ ಎಡಗೈ ಬೆರಳು ತೊಡೆಗೆ ತಟ್ಟಿ ಎಣಿಸುವುದು, ಮಗುವಿಗೆ ತುತ್ತು ಕೊಡುವಾಗ ಸ್ವರಗಳನ್ನು ಬಾಯೊಳಗೇ ಹೇಳಿಕೊಳ್ಳುವುದು, ಶಾಲೆಯ ಗೇಟಿನ ಮುಂದೆ ಕಾಯುತ್ತ ಇಯರ್‌ಫೋನಿನಲ್ಲಿ ಗುರುಗಳ ಹಳೆಯ ಧ್ವನಿಮುದ್ರಣ ಕೇಳುವುದು, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಆದರೆ ಇದರಿಂದ ಪಾಠ ಮರೆಯದೆ ಉಳಿಯುತ್ತದೆ, ಅಷ್ಟೇ. ಬೆರಳಿಗೆ ತಂತಿಯೇ ಬೇಕು.

ಬೆರಳಿನ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ತಾಯ್ತನದ ದಿನಚರಿ ನೇರವಾಗಿ ಏಟು ಕೊಡುವುದು ಅಲ್ಲಿಗೇ. ಮುಂದಿನ ಸಲ ಸಿಕ್ಕಾಗ ಅವರ ಎಡಗೈಯ ತೋರುಬೆರಳು, ನಡುಬೆರಳುಗಳ ತುದಿ ನೋಡಿ. ತಂತಿ ಒತ್ತಿ ಒತ್ತಿ ಚರ್ಮ ದಡ್ಡುಗಟ್ಟಿ ಗೀರು ಬಿದ್ದಿರುತ್ತದೆ. ಬಾಣಂತನದಲ್ಲಿ ಕೆಲವು ವಾರ ವೀಣೆ ಬಿಟ್ಟರೆ ಆ ದಡ್ಡು ಮೆದುವಾಗುತ್ತದೆ, ಮತ್ತೆ ಕೂತ ದಿನ ಬೆರಳು ಚುರುಚುರು ಉರಿಯುತ್ತದೆ. ದಿನವೂ ಬಟ್ಟೆ ಒಗೆದು, ಪಾತ್ರೆ ತೊಳೆದು, ಮಗುವಿಗೆ ನೀರೆರೆದ ಕೈಯೂ ಹಾಗೆಯೇ. ನೀರಿನಲ್ಲಿ ನೆನೆದ ಬೆರಳಿಗೆ ತಂತಿ ಕೊಯ್ಯುತ್ತದೆ. ಅದಕ್ಕೇ ಅನುಭವಸ್ಥರು ಸಿಂಕಿನಲ್ಲಿ ಪಾತ್ರೆ ಬಿದ್ದಿದ್ದರೂ ಮೊದಲು ನುಡಿಸಿ ಆಮೇಲೆ ತೊಳೆಯುತ್ತಾರೆ. ಇದನ್ನು ಕಂಡು 'ಕೆಲಸ ಬಿಟ್ಟು ವೀಣೆ ಹಿಡಿದಳು' ಎನ್ನುವವರಿದ್ದಾರೆ. ಪಾತ್ರೆ ಅರ್ಧ ಗಂಟೆ ಕಾದರೆ ಏನೂ ಆಗುವುದಿಲ್ಲ.

ಹತ್ತು ನಿಮಿಷಕ್ಕೆ ನುಡಿಸಾಣಿಕೆ ಏಕೆ ನಿಲ್ಲುತ್ತದೆ ಎಂಬುದಕ್ಕೂ ಕಾರಣ ಇದೆ. ನೆಲದ ಮೇಲೆ ಕೂತು ನುಡಿಸುವಾಗ ವೀಣೆಯ ಸೋರೆಬುರುಡೆ ಎಡತೊಡೆಯ ಮೇಲೆ ಬರುತ್ತದೆ. ಎರಡು ವರ್ಷದ ಮಗು ಕೂರಬಯಸುವುದೂ ಅಲ್ಲೇ! ಮಡಿಲು ಸಿಗದಿದ್ದರೆ ಅದು ಬಿರಡೆ ತಿರುಗಿಸುತ್ತದೆ. ಅರ್ಧ ಸುತ್ತಿಗೇ ಶ್ರುತಿ ಇಳಿಯುತ್ತದೆ, ಮತ್ತೆ ಕೂಡಿಸಬೇಕು. ಸಾಲದ್ದಕ್ಕೆ ವೀಣೆಯ 24 ಮೆಟ್ಟಿಲುಗಳು ನಿಂತಿರುವುದು ಮೇಣದಲ್ಲಿ. ಮಗು ಹಿಡಿದು ಜಗ್ಗಿದರೆ, ಬಿಸಿಲಿಗೆ ಇಟ್ಟರೆ, ಜಾಗ ಬಿಟ್ಟು ಸರಿಯುತ್ತವೆ. ಸರಿಪಡಿಸಲು ಕುಶಲಕರ್ಮಿಯೇ ಬರಬೇಕು. ಬಹಳ ತಾಯಂದಿರು ಕಂಡುಕೊಂಡ ಉಪಾಯವೆಂದರೆ ಪಕ್ಕದ ಮೂರು ತಾಳದ ತಂತಿಗಳನ್ನು ಮಗುವಿಗೆ ಬಿಟ್ಟುಕೊಡುವುದು. ಅಮ್ಮ ನುಡಿಸುತ್ತಾಳೆ, ಮಗು ತನಗೆ ತೋಚಿದಾಗ ಟಿಂಗ್ ಎನಿಸುತ್ತದೆ.

ಮಕ್ಕಳ ನಡುವೆ ಸಂಗೀತ ಸಾಧಿಸುವುದು ಇಂದು ನಿನ್ನೆಯ ಮಾತೂ ಅಲ್ಲ. ಗಾಯಕಿ ಗಂಗೂಬಾಯಿ ಹಾನಗಲ್ ಅವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರಲ್ಲಿ ಕಲಿಯುತ್ತಿದ್ದಾಗ ಆಗಲೇ ಮಕ್ಕಳ ತಾಯಿ. ಮಗಳು ಕೃಷ್ಣಾ ಮುಂದೆ ಅದೇ ತಾಯಿಯ ಜೊತೆ ಕೂತು ಕಚೇರಿಗಳಲ್ಲಿ ಹಾಡಿದರು.

ಈಗ ನಿಮ್ಮ ಪ್ರಶ್ನೆಯ ಉಳಿದ ಭಾಗ. ತುಣುಕುಗಳಿಂದ ಎರಡು ಗಂಟೆಯ ಕಚೇರಿ ನಡೆಯುವುದು ಹಳೆಯ ಠೇವಣಿಯ ಬಲದಿಂದ. ಮದುವೆಗೆ ಮುಂಚೆ, ಮಕ್ಕಳಿಗೆ ಮುಂಚೆ, ವರ್ಷಗಟ್ಟಲೆ ಕೂತು ಕಲಿತ ವರ್ಣ ಕೃತಿಗಳು ಕೈಯಲ್ಲಿರುತ್ತವೆ. ಹತ್ತು ಹತ್ತು ನಿಮಿಷದ ತಿದ್ದಾಟ ಅವುಗಳನ್ನು ಹಸನಾಗಿ ಇಡುತ್ತದೆ. ಆದರೆ ಹೊಸ ಪಲ್ಲವಿ ಕಟ್ಟುವುದು, ಒಂದು ರಾಗವನ್ನು ನಿಧಾನವಾಗಿ ಬೆಳೆಸುವುದು, ತಾನ ಬಿಡಿಸುವುದು ತುಣುಕಿನಲ್ಲಿ ಆಗುವ ಕೆಲಸವಲ್ಲ. ಅದಕ್ಕೆ ಒಂದೇ ಬೈಠಕ್ಕಿನಲ್ಲಿ ಒಂದೆರಡು ಗಂಟೆ ಬೇಕು. ಚಿಕ್ಕ ಮಕ್ಕಳ ತಾಯಿಗೆ ಸಿಗದಿರುವುದು ಅದೊಂದೇ. 'ಎಷ್ಟು ಚೆನ್ನಾಗಿ ನಿಭಾಯಿಸುತ್ತೀರಿ' ಎಂಬ ಮೆಚ್ಚುಗೆ ಎಲ್ಲರೂ ಕೊಡುತ್ತಾರೆ, ಗಂಟೆಯನ್ನು ಮಾತ್ರ ಯಾರೂ ಕೊಡುವುದಿಲ್ಲ.

ನೀವು ಮೇಲಿನ ಮನೆಯಲ್ಲೇ ಇದ್ದೀರಿ, ಸಂಗೀತದಲ್ಲಿ ಆಸಕ್ತಿಯೂ ಇದೆ. ಅವರು ಒಪ್ಪುವುದಾದರೆ ಭಾನುವಾರ ಬೆಳಿಗ್ಗೆ ಮಕ್ಕಳಿಬ್ಬರನ್ನೂ ಎರಡು ಗಂಟೆ ನಿಮ್ಮ ಮನೆಗೆ ಕರೆದುಕೊಳ್ಳಿ. ಅಷ್ಟು ಹೊತ್ತು ಅವರ ಮನೆಯ ಬೆಲ್ ಮಾತ್ರ ಒತ್ತಬೇಡಿ.