ನೀರಿನ ಯೋಜನೆ ಬಂದಾಗ ಮೀನು, ಹಕ್ಕಿಗಳ ಪರ ಕೇಳುವ ಹಕ್ಕು ನಿಮಗಿದೆ

ಮಂಡ್ಯ ಜಿಲ್ಲೆಯಲ್ಲಿ ನೀರಿನ ಯೋಜನೆ ಎಂದರೆ ಮನೆಮನೆಯ ವಿಷಯ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. ಆಮೇಲೆ ವಿಶ್ವೇಶ್ವರಯ್ಯ ನಾಲೆ ಹರಿದು ಮಂಡ್ಯ, ಮದ್ದೂರು, ಮಳವಳ್ಳಿಯ ಬಯಲು ಭತ್ತ, ಕಬ್ಬಿನ ನಾಡಾಯಿತು. ಹಾಗಾಗಿ ಹೊಸ ಯೋಜನೆ ಬಂದಾಗಲೆಲ್ಲ ಜನ ಮೊದಲು ಕೇಳುವುದು ಮೂರು ಪ್ರಶ್ನೆ: ನಮ್ಮ ಅಚ್ಚುಕಟ್ಟಿಗೆ ಎಷ್ಟು ನೀರು, ಯಾರ ಜಮೀನು ಹೋಗುತ್ತದೆ, ಪರಿಹಾರ ಎಷ್ಟು. ಮೂರೂ ನ್ಯಾಯವಾದ ಪ್ರಶ್ನೆಗಳೇ.

ನಾಲ್ಕನೆಯದೊಂದಿದೆ. ಈ ಕಾಮಗಾರಿಯಿಂದ ಹೊಳೆಯ ಮೀನಿಗೆ, ಕೆರೆಯ ಹಕ್ಕಿಗೆ, ದಡದ ನೀರುನಾಯಿಗೆ ಏನಾಗುತ್ತದೆ? ಇದನ್ನು ಕೇಳಲು ಪರಿಣತರೇ ಬೇಕೆಂದಿಲ್ಲ, ಯಾವ ನಾಗರಿಕನೂ ಕೇಳಬಹುದು. ಉತ್ತರ ಕೊಡುವಂತೆ ಇಲಾಖೆಗಳನ್ನು ಕಟ್ಟಿಹಾಕುವ ಕಾನೂನುಗಳೂ ಇವೆ. ಆದರೆ ಅವುಗಳಿಗೆ ಬಲವಿರುವುದು ಯೋಜನೆ ಇನ್ನೂ ಕಾಗದದ ಮೇಲಿರುವಾಗ. ಕಾಂಕ್ರೀಟ್ ಬಿದ್ದ ಮೇಲೆ ಅರ್ಜಿ ಹಿಡಿದು ಓಡಾಡುವುದು, ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ಇಲ್ಲಿ ಉಳಿಸಿಕೊಳ್ಳಬೇಕಾದ್ದು ಏನಿದೆ?

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರನ್ನು ನೋಡಿ. ಚಳಿಗಾಲದಿಂದ ಬೇಸಿಗೆಯವರೆಗೆ ಊರೊಳಗಿನ ಹುಣಸೆ, ಆಲ, ಅರಳಿ ಮರಗಳ ಮೇಲೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುತ್ತವೆ. ಮನೆಯ ಹಿತ್ತಲಿನಲ್ಲೇ ಮರಿಗಳ ಕೂಗು. ತಾಯಿ ಹೆಜ್ಜಾರ್ಲೆ ಬಂದು ಕೂತರೆ ಸಾಕು, ಮರಿ ಅದರ ಕೊಕ್ಕಿನ ಚೀಲದೊಳಕ್ಕೆ ತಲೆ ತೂರಿಸಿ ಮೀನು ತಿನ್ನುತ್ತದೆ. ಆ ಮೀನು ಸಿಗುವುದು ಶಿಂಷಾ ಹೊಳೆಯಲ್ಲಿ, ತೈಲೂರು, ಮದ್ದೂರು ಮೊದಲಾದ ಸುತ್ತಲಿನ ಕೆರೆಗಳಲ್ಲಿ. ಮರ ಉಳಿಸಿ ಕೆರೆ ಕೆಡಿಸಿದರೆ ಹಕ್ಕಿ ಉಳಿಯುವುದಿಲ್ಲ. 2017ರ ಕೊನೆಯಿಂದ 2018ರವರೆಗೆ ಇಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತವು. ಪರೀಕ್ಷೆ ಮಾಡಿದಾಗ ಹೊಟ್ಟೆಯಲ್ಲಿ ದುಂಡುಹುಳುಗಳು ಕಂಡವು. ಹಕ್ಕಿ ತಿನ್ನುವ ಮೀನು, ಆ ಮೀನು ಬೆಳೆಯುವ ನೀರು ಎರಡರ ಮೇಲೂ ಆಗ ಸಂಶಯ ಎದ್ದಿತು.

ಮಳವಳ್ಳಿ ತಾಲ್ಲೂಕಿನ ಕಡೆ ಬನ್ನಿ. ಗಗನಚುಕ್ಕಿ, ಭರಚುಕ್ಕಿಯಿಂದ ಕೆಳಗಿಳಿದ ಕಾವೇರಿ ಶಿಂಷೆಯನ್ನು ಸೇರಿಸಿಕೊಂಡು ಮುತ್ತತ್ತಿಯ ಕಡೆ ಸಾಗುತ್ತದೆ. ಇಲ್ಲಿ 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿಧಾಮ ಮುಂದೆ ವಿಸ್ತರಣೆಗೊಂಡು ಸುಮಾರು 1,027 ಚದರ ಕಿ.ಮೀ. ಆಗಿದೆ. ಈ ನೀರಿನಲ್ಲಿ ನೀರುನಾಯಿ, ಮೊಸಳೆಗಳಿವೆ. ಕಾವೇರಿ ಜಲಾನಯನ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದ ಗೂನುಬೆನ್ನಿನ ಮಹಶೀರ್ ಮೀನೂ ಇದೆ. 50 ಕಿಲೋ ದಾಟಿ ಬೆಳೆಯಬಲ್ಲ ಈ ಮೀನನ್ನು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ 2018ರಲ್ಲಿ ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ಇದು ಬದುಕಲು ಹರಿಯುವ ನೀರು ಬೇಕು, ಬಂಡೆಗಳ ನಡುವಿನ ಆಳದ ಮಡು ಬೇಕು, ಮಳೆಗಾಲದಲ್ಲಿ ಮೊಟ್ಟೆಯಿಡಲು ಮೇಲಕ್ಕೆ ಸಾಗುವ ದಾರಿ ಬೇಕು. ಅಡ್ಡಲಾಗಿ ಒಡ್ಡು ಕಟ್ಟಿದರೆ ಈ ದಾರಿ ಮುಚ್ಚುತ್ತದೆ. ವಿದ್ಯುತ್ತಿಗಾಗಿ ನೀರನ್ನು ಹಠಾತ್ತನೆ ಬಿಟ್ಟು ಹಠಾತ್ತನೆ ನಿಲ್ಲಿಸಿದರೆ ದಡದ ತೆಳುನೀರಿನಲ್ಲಿರುವ ಮರಿಗಳು ಒಣಗಿ ಸಾಯುತ್ತವೆ.

ಕಾನೂನಿನ ಕಣ್ಣಿನಲ್ಲಿ ಮೀನೂ ವನ್ಯಜೀವಿಯೇ

ವನ್ಯಜೀವಿ ಎಂದರೆ ಹುಲಿ, ಆನೆ ಮಾತ್ರ ಎಂಬ ಭಾವನೆ ಹಲವರಲ್ಲಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹೇಳುವ ‘ಪ್ರಾಣಿ’ಗಳಲ್ಲಿ ಮೀನೂ ಸೇರಿದೆ. ನೀರಿನೊಳಗಿನ ಸಸ್ಯವೂ ವನ್ಯಜೀವಿಯ ಲೆಕ್ಕದಲ್ಲಿದೆ. ನಿಮ್ಮ ಕೆಲಸಕ್ಕೆ ಬರುವ ಸೆಕ್ಷನ್‌ಗಳು ಇವು:

• ಸೆಕ್ಷನ್ 29: ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಇಲ್ಲದೆ ಅಭಯಾರಣ್ಯಕ್ಕೆ (ಅಂದರೆ ವನ್ಯಜೀವಿಧಾಮಕ್ಕೆ) ಬರುವ ಅಥವಾ ಅಲ್ಲಿಂದ ಹೋಗುವ ನೀರನ್ನು ತಿರುಗಿಸುವಂತಿಲ್ಲ, ನಿಲ್ಲಿಸುವಂತಿಲ್ಲ, ಹೆಚ್ಚಿಸುವಂತೆಯೂ ಇಲ್ಲ. ವನ್ಯಜೀವಿಗಳ ಒಳಿತಿಗೆ ಅದು ಅಗತ್ಯವೆಂದು ರಾಜ್ಯ ವನ್ಯಜೀವಿ ಮಂಡಳಿಯ ಸಲಹೆ ಪಡೆದು ಸರ್ಕಾರಕ್ಕೆ ಮನವರಿಕೆಯಾದರೆ ಮಾತ್ರ ಅನುಮತಿ. ಸ್ಥಳೀಯರು ಕುಡಿಯಲು, ಮನೆಬಳಕೆಗೆ ನೀರು ತೆಗೆದುಕೊಳ್ಳುವುದು ಈ ಸೆಕ್ಷನ್ನಿನಡಿ ಅಪರಾಧವಲ್ಲ.

• ಸೆಕ್ಷನ್ 26ಎ: ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಶಿಫಾರಸು ಇಲ್ಲದೆ ಅಭಯಾರಣ್ಯದ ಗಡಿಯನ್ನು ರಾಜ್ಯ ಸರ್ಕಾರ ಬದಲಿಸುವಂತಿಲ್ಲ.

• ಸೆಕ್ಷನ್ 36ಸಿ, 36ಡಿ: ಇವು ಸಮುದಾಯ ಮೀಸಲು ಪ್ರದೇಶಕ್ಕೆ ಸಂಬಂಧಿಸಿದವು. ಕೊಕ್ಕರೆ ಬೆಳ್ಳೂರನ್ನು 2007ರಲ್ಲಿ ಹೀಗೆ ಘೋಷಿಸಲಾಯಿತು. ಘೋಷಣೆಯಾದ ಮೇಲೆ ಅಲ್ಲಿನ ಭೂಬಳಕೆ ಬದಲಾಗಬೇಕಾದರೆ ನಿರ್ವಹಣಾ ಸಮಿತಿ ನಿರ್ಣಯ ಮಾಡಬೇಕು, ಸರ್ಕಾರ ಅದನ್ನು ಒಪ್ಪಬೇಕು. ಸಮಿತಿಯ ಸದಸ್ಯರನ್ನು ಹೆಸರಿಸುವುದು ಗ್ರಾಮ ಪಂಚಾಯಿತಿ; ಜೊತೆಗೆ ಅರಣ್ಯ ಇಲಾಖೆಯ ಒಬ್ಬ ಪ್ರತಿನಿಧಿ ಇರುತ್ತಾರೆ. ಊರಿನವರ ಕೈಗೆ ಕಾನೂನು ಕೊಟ್ಟ ದೊಡ್ಡ ಅಧಿಕಾರ ಇದು.

• ಸೆಕ್ಷನ್ 55: ಅಪರಾಧ ನಡೆದಿದೆ ಎನಿಸಿದರೆ ಯಾರು ಬೇಕಾದರೂ 60 ದಿನಗಳ ನೋಟಿಸ್ ಕೊಟ್ಟು, ಬಳಿಕ ನೇರವಾಗಿ ನ್ಯಾಯಾಲಯಕ್ಕೆ ದೂರು ಕೊಡಬಹುದು.

ಜೊತೆಗೆ, ಅರಣ್ಯ ಭೂಮಿಯನ್ನು ಬೇರೆ ಉದ್ದೇಶಕ್ಕೆ ಬಳಸಲು 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಡಿ ಕೇಂದ್ರದ ಪೂರ್ವಾನುಮತಿ ಬೇಕು. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಕಾಡಿನ ನೀರಿನಲ್ಲಿ ಮೀನು ಹಿಡಿದು ಬದುಕುವವರ ಹಕ್ಕು ದಾಖಲಾಗಿದೆ. ಜಲಮೂಲ, ವನ್ಯಜೀವಿಗಳನ್ನು ಕಾಯುವ ಅಧಿಕಾರವನ್ನು ಅದೇ ಕಾಯ್ದೆ ಗ್ರಾಮಸಭೆಗೆ ಕೊಟ್ಟಿದೆ.

ಯಾವ ಯೋಜನೆಗೆ ಯಾವ ಅನುಮತಿ?

ದೊಡ್ಡ ಯೋಜನೆಗಳಿಗೆ 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಮೊದಲೇ ಪರಿಸರ ಅನುಮತಿ ಪಡೆಯಬೇಕು. ಆದರೆ ಈ ಬಲೆಯಲ್ಲಿ ಕಿಂಡಿಗಳಿವೆ. 25 ಮೆಗಾವಾಟ್‌ಗಿಂತ ಚಿಕ್ಕ ಜಲವಿದ್ಯುತ್ ಘಟಕಕ್ಕೆ ಈ ಅನುಮತಿ ಬೇಕಿಲ್ಲ. ಬರಿಯ ಕುಡಿಯುವ ನೀರಿನ ಯೋಜನೆಗಳು ಪಟ್ಟಿಯಲ್ಲೇ ಇಲ್ಲ. ಸಣ್ಣ ನೀರಾವರಿಗೆ ವಿನಾಯಿತಿ ಇದೆ. ನಾಲೆ ಆಧುನೀಕರಣಕ್ಕೆ ಸಾರ್ವಜನಿಕ ಆಲಿಕೆಯಿಂದ ವಿನಾಯಿತಿ ಇದೆ. ನಮ್ಮ ತಾಲ್ಲೂಕುಗಳಲ್ಲಿ ದಿನನಿತ್ಯ ಕಾಣುವ ಚೆಕ್‌ಡ್ಯಾಂ, ಕೆರೆ ತುಂಬಿಸುವಿಕೆ, ಹೂಳೆತ್ತುವಿಕೆ, ನಾಲೆಗೆ ಕಾಂಕ್ರೀಟ್ ಹೊದಿಕೆಯಂಥ ಕೆಲಸಗಳು ಬಹುಪಾಲು ಈ ಕಿಂಡಿಗಳಲ್ಲೇ ದಾಟುತ್ತವೆ.

ಆದರೆ ಪರಿಸರ ಅನುಮತಿ ಬೇಡ ಎಂದ ಮಾತ್ರಕ್ಕೆ ಬೇರೆ ಕಾನೂನುಗಳು ಬೇಡವೆಂದಲ್ಲ. ಐದು ಮೆಗಾವಾಟ್ ಘಟಕವಾದರೂ ಅಭಯಾರಣ್ಯದ ನೀರನ್ನು ತಿರುಗಿಸುವುದಾದರೆ ಸೆಕ್ಷನ್ 29 ಅಡ್ಡ ಬರುತ್ತದೆ. ‘ಇದು ಸಣ್ಣ ಯೋಜನೆ, ಯಾವ ಅನುಮತಿಯೂ ಬೇಕಿಲ್ಲ’ ಎಂದು ಯಾರಾದರೂ ಹೇಳಿದರೆ, ಆ ಮಾತನ್ನು ಬರಹದಲ್ಲಿ ಕೊಡಿ ಎಂದು ಕೇಳಿ.

ಕಾವೇರಿಗೆ ಅಡ್ಡಲಾಗಿ ಕಟ್ಟಬೇಕೆಂದಿರುವ ಮೇಕೆದಾಟು ಯೋಜನೆ ಈ ಎಲ್ಲ ಹಂತಗಳನ್ನು ಅರಿಯಲು ಒಳ್ಳೆಯ ಉದಾಹರಣೆ. 67.16 ಟಿಎಂಸಿ ಅಡಿ ಸಾಮರ್ಥ್ಯದ, 400 ಮೆಗಾವಾಟ್ ವಿದ್ಯುತ್ತಿನ ಗುರಿಯಿರುವ ಈ ಜಲಾಶಯದ ಪ್ರಸ್ತಾವದಲ್ಲಿ ಸುಮಾರು 5,252 ಹೆಕ್ಟೇರ್ ಭೂಮಿ ಬೇಕೆಂಬ ಲೆಕ್ಕವಿದೆ. ಅದರಲ್ಲಿ 3,000 ಹೆಕ್ಟೇರ್‌ಗೂ ಹೆಚ್ಚು ಕಾವೇರಿ ವನ್ಯಜೀವಿಧಾಮದ್ದೇ. ಮುಳುಗುವ ಊರುಗಳ ಜೊತೆ ಮುತ್ತತ್ತಿಯ ಹೆಸರೂ ಇದೆ. 2019ರ ಜುಲೈನಲ್ಲಿ ಕೇಂದ್ರದ ತಜ್ಞರ ಸಮಿತಿ ಪರಿಸರ ಅಧ್ಯಯನದ ಷರತ್ತುಗಳನ್ನು ಕೊಡುವುದನ್ನೇ ಮುಂದೂಡಿ, ಕರ್ನಾಟಕ, ತಮಿಳುನಾಡು ಎರಡೂ ಮೊದಲು ಒಮ್ಮತಕ್ಕೆ ಬರಲಿ ಎಂದಿತು. 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತಮಿಳುನಾಡಿನ ಅರ್ಜಿಯನ್ನು ಅಕಾಲಿಕ ಎಂದು ತಳ್ಳಿಹಾಕಿತು. ಇದರಿಂದ ಯೋಜನಾ ವರದಿಯ ಪರಿಶೀಲನೆಗೆ ದಾರಿ ತೆರೆಯಿತೇ ಹೊರತು ಪರಿಸರ, ಅರಣ್ಯ, ವನ್ಯಜೀವಿ ಅನುಮತಿಗಳು ಸಿಕ್ಕಂತಾಗಲಿಲ್ಲ. ಬೆಂಗಳೂರಿಗೆ ಕುಡಿಯುವ ನೀರು ಬೇಕು ಎನ್ನುವವರೂ ಕಾಡು ಉಳಿಯಬೇಕು ಎನ್ನುವವರೂ ತಮ್ಮ ಮಾತನ್ನು ಹೇಳಲು ಈ ಹಂತಗಳೇ ಸರಿಯಾದ ವೇದಿಕೆ.

ಸಾರ್ವಜನಿಕ ಆಲಿಕೆ ಸಭೆ: ಏನು ಮಾಡಬೇಕು?

ಪರಿಸರ ಅನುಮತಿ ಬೇಕಾದ ಯೋಜನೆಗೆ ಆಲಿಕೆ ಸಭೆಯನ್ನು ನಡೆಸುವುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ಅಧ್ಯಕ್ಷತೆ ಜಿಲ್ಲಾಧಿಕಾರಿಯವರದು, ಇಲ್ಲವೆ ಅಪರ ಜಿಲ್ಲಾಧಿಕಾರಿ ದರ್ಜೆಗೆ ಕಡಿಮೆಯಿಲ್ಲದ ಅವರ ಪ್ರತಿನಿಧಿಯದು.

1. ಸಭೆಗೆ ಕನಿಷ್ಠ 30 ದಿನ ಮೊದಲು ಒಂದು ರಾಷ್ಟ್ರೀಯ ಪತ್ರಿಕೆಯಲ್ಲೂ ಒಂದು ಕನ್ನಡ ಪತ್ರಿಕೆಯಲ್ಲೂ ಪ್ರಕಟಣೆ ಬರಬೇಕು. ಆ ಕತ್ತರಿಕೆಯನ್ನು ತೆಗೆದಿಟ್ಟುಕೊಳ್ಳಿ.
2. ಪರಿಸರ ಪರಿಣಾಮದ ಕರಡು ವರದಿಯ ಸಾರಾಂಶ ಕನ್ನಡದಲ್ಲೂ ಇರಬೇಕು. ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿ, ಸ್ಥಳೀಯ ಸಂಸ್ಥೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಯಲ್ಲಿ ಓದಲು ಸಿಗಬೇಕು.
3. ವರದಿಯಲ್ಲಿ ಮೀನಿನ ಪಟ್ಟಿ ಇದೆಯೇ, ಸಮೀಕ್ಷೆ ಮಾಡಿದ್ದು ಯಾವ ತಿಂಗಳಲ್ಲಿ ಎಂದು ನೋಡಿ. ಬೇಸಿಗೆಯಲ್ಲಿ ಮಾತ್ರ ನೋಡಿದ್ದರೆ ಮಳೆಗಾಲದ ವಲಸೆ ಬಿಟ್ಟುಹೋಗಿದೆ ಎಂದರ್ಥ. ಅದನ್ನೇ ಆಕ್ಷೇಪಣೆಯಾಗಿ ಬರೆಯಿರಿ.
4. ಸಭೆಯಲ್ಲಿ ಮಾತಾಡಿ, ಲಿಖಿತವಾಗಿಯೂ ಕೊಡಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಇಡೀ ಸಭೆಯ ವಿಡಿಯೊ ಚಿತ್ರೀಕರಣ ಕಡ್ಡಾಯ.
5. ಕೊನೆಯಲ್ಲಿ ನಡಾವಳಿಯನ್ನು ಕನ್ನಡದಲ್ಲಿ ಓದಿ ವಿವರಿಸಬೇಕು. ನಿಮ್ಮ ಮಾತು ಅದರಲ್ಲಿ ಬರುವವರೆಗೆ ಎದ್ದು ಹೋಗಬೇಡಿ.

ಚಿಕ್ಕ ಕಾಮಗಾರಿಗೆ ಗ್ರಾಮಸಭೆಯೇ ವೇದಿಕೆ

2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಮೀನು, ಹಕ್ಕಿ, ಗಿಡಮರಗಳನ್ನು ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಬರೆದಿಡಬೇಕು. ನಿಮ್ಮ ಪಂಚಾಯಿತಿಯ ದಾಖಲಾತಿಯಲ್ಲಿ ಕೆರೆಯ ಮೀನುಗಳ ಹೆಸರುಗಳಿವೆಯೇ ಎಂದು ಪಿಡಿಒ ಅವರನ್ನು ಕೇಳಿ. ಇಲ್ಲದಿದ್ದರೆ ಹಳೆಯ ಬಲೆಗಾರರನ್ನು ಕೂರಿಸಿ ಬರೆಸಿ. ದಾಖಲೆಯಲ್ಲಿ ಇಲ್ಲದ ಜೀವಿಗಾಗಿ ಕಚೇರಿಯಲ್ಲಿ ವಾದಿಸುವುದು ಕಷ್ಟ.

ಕಾಮಗಾರಿ ಬೇಡ ಎನ್ನಬೇಕಿಲ್ಲ, ಷರತ್ತು ಕೇಳಿದರೆ ಸಾಕು. ಕೆರೆಯ ಹೂಳನ್ನು ಒಂದೇ ಬೇಸಿಗೆಯಲ್ಲಿ ಪೂರ್ತಿ ತೆಗೆಯದೆ ಎರಡು ಕಂತಿನಲ್ಲಿ ತೆಗೆಯಲಿ. ಮೀನಿಗಾಗಿ ಒಂದು ಆಳದ ಗುಂಡಿ ನೀರಿನ ಸಮೇತ ಉಳಿಯಲಿ. ಏರಿಯ ಮೇಲಿನ ಗೂಡುಮರಗಳಿಗೆ ಕೊಡಲಿ ಬೀಳದಿರಲಿ. ಕಾಂಕ್ರೀಟ್ ನಾಲೆಗೆ ಅಲ್ಲಲ್ಲಿ ಇಳಿಜಾರು ಬಿಡಲಿ, ನೀರಿಗೆ ಬಿದ್ದ ದನಕ್ಕೂ ಕಾಡುಪ್ರಾಣಿಗೂ ಹತ್ತಿ ಬರಲು ಅದೇ ದಾರಿ. ಒಡ್ಡು ಕಟ್ಟುವಲ್ಲಿ ಬೇಸಿಗೆಯಲ್ಲೂ ಕೆಳಕ್ಕೆ ನೀರು ಹರಿಯಲಿ. ನದಿಗಳಲ್ಲಿ ಬೇಸಿಗೆಯ ಸರಾಸರಿ ಹರಿವಿನ ಕನಿಷ್ಠ ಶೇ 15ರಿಂದ 20ರಷ್ಟು ಇರಲೇಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರ ಆಗಸ್ಟ್‌ನಲ್ಲಿ ಆದೇಶಿಸಿದೆ. ಅದನ್ನು ನಿಮ್ಮ ಮನವಿಯಲ್ಲಿ ಉಲ್ಲೇಖಿಸಿ.

ಮಾಹಿತಿ ಹಕ್ಕಿನ ಅರ್ಜಿ ಹೀಗಿರಲಿ

ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ ಮೇಲೆ, 150 ಪದಗಳೊಳಗೆ ಇರಬೇಕು. ಶುಲ್ಕ 10 ರೂಪಾಯಿ. ‘ಏಕೆ’ ಎಂದು ಕೇಳಬೇಡಿ, ದಾಖಲೆ ಕೇಳಿ. ಕಾವೇರಿ ನೀರಾವರಿ ನಿಗಮ ಅಥವಾ ಸಣ್ಣ ನೀರಾವರಿ ಇಲಾಖೆಯ ಮಾಹಿತಿ ಅಧಿಕಾರಿಗೆ ಹೀಗೆ ಬರೆಯಬಹುದು:

‘ತಮ್ಮ ಕಚೇರಿಯ ಇಂಥ ಕಾಮಗಾರಿಗೆ ಸಂಬಂಧಿಸಿದಂತೆ ಈ ದಾಖಲೆಗಳ ದೃಢೀಕೃತ ಪ್ರತಿ ನೀಡಿ: 1. ಸವಿವರ ಯೋಜನಾ ವರದಿ. 2. ಕಾಮಗಾರಿಯ ಜಾಗ ಅಭಯಾರಣ್ಯ, ಸಮುದಾಯ ಮೀಸಲು ಅಥವಾ ಪರಿಸರ ಸೂಕ್ಷ್ಮ ವಲಯದಲ್ಲಿ ಬರುತ್ತದೆಯೇ ಎಂಬ ಬಗೆಗಿನ ನಕ್ಷೆ, ಕಡತದ ಟಿಪ್ಪಣಿ. 3. ಅರಣ್ಯ ಮತ್ತು ಮೀನುಗಾರಿಕೆ ಇಲಾಖೆಗಳ ಜೊತೆ ನಡೆದ ಪತ್ರವ್ಯವಹಾರ. 4. ಹೊಳೆಗೆ ಬಿಡಬೇಕಾದ ಕನಿಷ್ಠ ನೀರಿನ ಪ್ರಮಾಣದ ಆದೇಶ.’

30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ತೃಪ್ತಿಯಾಗದಿದ್ದರೆ, ಅಲ್ಲಿಂದ 30 ದಿನದೊಳಗೆ ಮೊದಲ ಮೇಲ್ಮನವಿ. ಆಮೇಲೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೆಯ ಮೇಲ್ಮನವಿ. ಪರಿಸರ, ಅರಣ್ಯ, ವನ್ಯಜೀವಿ ಅನುಮತಿಗಾಗಿ ಸಲ್ಲಿಸಿದ ಅರ್ಜಿಗಳನ್ನು ಕೇಂದ್ರದ ಪರಿವೇಶ್ ಜಾಲತಾಣದಲ್ಲೂ ನೋಡಬಹುದು.

ನ್ಯಾಯ ಕೇಳಲು ಎಲ್ಲಿಗೆ?

ಪರಿಸರ ಅಥವಾ ಅರಣ್ಯ ಅನುಮತಿ ತಪ್ಪು ಎನಿಸಿದರೆ ಚೆನ್ನೈನಲ್ಲಿರುವ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠಕ್ಕೆ 30 ದಿನದೊಳಗೆ ಮೇಲ್ಮನವಿ ಸಲ್ಲಿಸಬೇಕು. ತಡಕ್ಕೆ ತಕ್ಕ ಕಾರಣವಿದ್ದರೆ ಇನ್ನೂ 60 ದಿನ ಸಿಗಬಹುದು. ಅದು ದಾಟಿದರೆ ಬಾಗಿಲು ಮುಚ್ಚಿದಂತೆಯೇ. ಪರಿಸರಕ್ಕೆ ಸಂಬಂಧಿಸಿದ ಬೇರೆ ವಿವಾದಗಳಿಗೆ ಆರು ತಿಂಗಳ ಗಡುವಿದೆ. ಒಂದು ಎಚ್ಚರಿಕೆ: ವನ್ಯಜೀವಿ ಕಾಯ್ದೆ ಈ ನ್ಯಾಯಮಂಡಳಿಯ ವ್ಯಾಪ್ತಿಯ ಕಾಯ್ದೆಗಳ ಪಟ್ಟಿಯಲ್ಲಿಲ್ಲ. ಆ ಕಾಯ್ದೆಯಡಿ ಕೊಟ್ಟ ಅನುಮತಿಯನ್ನು ಪ್ರಶ್ನಿಸಲು ಹೈಕೋರ್ಟಿಗೆ ಹೋಗಬೇಕು.

ವಕೀಲರ ಖರ್ಚಿಗೆ ಹೆದರಿ ಹಿಂದೆ ಸರಿಯಬೇಡಿ. ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರು, ಅಂಗವಿಕಲರು, ಆದಾಯ ಮಿತಿಯೊಳಗಿನವರಿಗೆ ಉಚಿತ ಕಾನೂನು ನೆರವು ಹಕ್ಕಾಗಿ ಸಿಗುತ್ತದೆ. ಮಂಡ್ಯದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ಮದ್ದೂರು, ಮಳವಳ್ಳಿಯ ತಾಲ್ಲೂಕು ಸಮಿತಿಗಳನ್ನು ಕಾಣಿ ಅಥವಾ 15100ಕ್ಕೆ ಕರೆ ಮಾಡಿ.

ಜೀವಿಗಳ ಮೇಲೆ ದಯೆ ತೋರುವುದು, ನದಿ, ಕೆರೆ, ವನ್ಯಜೀವಿಗಳನ್ನು ಕಾಪಾಡುವುದು ಪ್ರತಿ ನಾಗರಿಕನ ಕರ್ತವ್ಯ ಎಂದು ಸಂವಿಧಾನದ 51ಎ(ಜಿ) ವಿಧಿ ಹೇಳುತ್ತದೆ. ಆ ಕರ್ತವ್ಯ ಮಾಡಲು ಬೇಕಾದ ಹಕ್ಕುಗಳೂ ನಮ್ಮ ಕೈಯಲ್ಲಿವೆ. ಮುಂದಿನ ಗ್ರಾಮಸಭೆಯಲ್ಲಿ ನಿಮ್ಮೂರಿನ ಕೆರೆ, ನಾಲೆಯ ಕಾಮಗಾರಿ ಚರ್ಚೆಗೆ ಬಂದಾಗ ಎದ್ದು ನಿಂತು ಆ ನಾಲ್ಕನೆಯ ಪ್ರಶ್ನೆಯನ್ನು ಕೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ಅದರ ಪ್ರತಿಯನ್ನು ಪಡೆದುಕೊಳ್ಳಿ.