ಕಾರ್ಡಿನ ಪಾಯಿಂಟು, ಹೋಟೆಲಿನ ಚೀಟಿ: ಒಂದು ಲೆಕ್ಕದ ಪಾಠ



ಕಳೆದ ತಿಂಗಳು ಒಂದು ಸಂಜೆ ನಮ್ಮ ವಾಚನಾಲಯದಲ್ಲಿ ಪತ್ರಿಕೆಗಳನ್ನು ಜೋಡಿಸಿಡುತ್ತಿದ್ದಾಗ ಹಿರಿಯ ಸದಸ್ಯರೊಬ್ಬರು ಬಂದು ತಮ್ಮ ಮೊಬೈಲನ್ನು ನನ್ನ ಮುಂದೆ ಹಿಡಿದರು. ಇವರು ಕುಂದಾಪುರದ ಕಡೆಯವರು, ಗೋದಾಮೊಂದರಲ್ಲಿ ಕೆಲಸ. "ನೋಡಿ ಮಾರಾಯ್ರೆ, ಕಾರ್ಡಿನವರು ನನಗೆ ಎರಡು ಸಾವಿರ ರೂಪಾಯಿಯ ಹೋಟೆಲ್ ಚೀಟಿ ಕೊಡುತ್ತಾರಂತೆ. ಬರುವ ವಾರ ಅಮ್ಮ ಮತ್ಸ್ಯಗಂಧದಲ್ಲಿ ಇಲ್ಲೇ ಕುರ್ಲಾ ಟರ್ಮಿನಸ್ಸಿಗೆ ಬಂದಿಳಿಯುತ್ತಾರೆ. ಮನೆಯವರನ್ನೆಲ್ಲ ಉಡುಪಿ ಹೋಟೆಲಿಗೆ ಕರೆದುಕೊಂಡು ಹೋಗಿ ಊಟ ಹಾಕಿಸೋಣ ಎಂದಿದ್ದೇನೆ. ಇದು ಅಲ್ಲಿ ನಡೆಯುತ್ತದೆಯೋ?" ಎಂದು ಕೇಳಿದರು.

ನಮ್ಮ ಮಾತಿನಲ್ಲಿ ಹೋಟೆಲು ಎಂದರೆ ಇಡ್ಲಿ ಕಾಫಿಯ ಜಾಗ. ಕಾರ್ಡಿನವರ ಮಾತಿನಲ್ಲಿ ಹೋಟೆಲು ಎಂದರೆ ಕೋಣೆ ಬಾಡಿಗೆಗೆ ಕೊಡುವ ದೊಡ್ಡ ಕಟ್ಟಡ. "ಅಣ್ಣಾ, ಇದು ಉಡುಪಿ ಹೋಟೆಲಿನದ್ದಲ್ಲ" ಎಂದೆ. ಅವರ ಮುಖ ಸಪ್ಪಗಾಯಿತು. ಅಂದು ಇಬ್ಬರೂ ಕುಳಿತು ಕಾಗದದ ಮೇಲೆ ಮಾಡಿದ ಲೆಕ್ಕವನ್ನೇ, ಇತರರಿಗೂ ಪ್ರಯೋಜನವಾದೀತೆಂದು, ಅವರ ಒಪ್ಪಿಗೆ ಪಡೆದು ಇಲ್ಲಿ ಪಾಠದಂತೆ ಬರೆಯುತ್ತಿದ್ದೇನೆ. ನಾನು ಅರ್ಥಶಾಸ್ತ್ರ ಓದಿದವನಲ್ಲ. ಮೆಟ್ರಿಕ್ ಮುಗಿಸಿ ಗಿರಣಿಯ ಲೆಕ್ಕದ ಪುಸ್ತಕ ಬರೆಯುವ ಗುಮಾಸ್ತ. ಕೂಡುವುದು, ಕಳೆಯುವುದು ಬಂದರೆ ಈ ಪಾಠಕ್ಕೆ ಸಾಕು.

ಪಾಯಿಂಟಿನ ಹುಟ್ಟು

ಗಿರಾಕಿಗೆ ಸಣ್ಣ ಬಹುಮಾನ ಕೊಟ್ಟು ಮತ್ತೆ ಮತ್ತೆ ಬರಮಾಡಿಕೊಳ್ಳುವ ಉಪಾಯ ಹಳೆಯದು. ಅಮೆರಿಕದಲ್ಲಿ 1896ರಲ್ಲಿ ಸ್ಪೆರಿ ಮತ್ತು ಹಚಿನ್ಸನ್ ಎಂಬ ಕಂಪನಿ ಶುರುವಾಯಿತು. ಅದು ಅಂಗಡಿಕಾರರಿಗೆ ಹಸಿರು ಅಂಚೆಚೀಟಿಯಂಥ ಚೀಟಿಗಳನ್ನು ಮಾರುತ್ತಿತ್ತು. ಅಂಗಡಿಕಾರ ಅವನ್ನು ಗಿರಾಕಿಗೆ ಕೊಡುವನು. ಗಿರಾಕಿ ಪುಸ್ತಕಕ್ಕೆ ಅಂಟಿಸಿ, ಪುಸ್ತಕ ತುಂಬಿದ ಮೇಲೆ ಪಾತ್ರೆಯೋ ದೀಪವೋ ಪಡೆಯುವನು. 1981ರ ಮೇ ತಿಂಗಳಲ್ಲಿ ಅಮೆರಿಕನ್ ಏರ್‌ಲೈನ್ಸ್ ವಿಮಾನ ಕಂಪನಿಯು ಪ್ರಯಾಣಿಕರು ಹಾರಿದ ಮೈಲಿಗಳನ್ನು ಎಣಿಸಿ ಟಿಕೇಟು ಕೊಡುವ ಯೋಜನೆ ತಂದಿತು. ಹೋಟೆಲುಗಳೂ ಬ್ಯಾಂಕುಗಳೂ ಅದೇ ದಾರಿ ಹಿಡಿದವು.

ಕಾರ್ಡಿನ ಕಥೆ ಬೇರೆ. ಡೈನರ್ಸ್ ಕ್ಲಬ್ಬಿನ ಕಾರ್ಡು 1950ರಲ್ಲಿ ನ್ಯೂಯಾರ್ಕಿನಲ್ಲಿ ಹೊರಟಿತು. ನಮ್ಮ ದೇಶದ ಬ್ಯಾಂಕುಗಳ ಪೈಕಿ ಮುಂಬಯಿಯ ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ 1980ರಲ್ಲಿ ಮೊದಲು ಕ್ರೆಡಿಟ್ ಕಾರ್ಡು ಕೊಟ್ಟಿತು. ಆಗ ಅದು ದೊಡ್ಡವರ ವಸ್ತು. ಈಗ ಮಾಲಿನ ಬಾಗಿಲಲ್ಲಿ ಮೇಜು ಹಾಕಿಕೊಂಡು ಟೈ ಕಟ್ಟಿದ ಹುಡುಗರು ನಮ್ಮಂಥವರನ್ನೂ ನಿಲ್ಲಿಸಿ ಕೊಡುತ್ತಾರೆ. ನಮ್ಮ ಹಿರಿಯರಂತೂ ಕಾರ್ಡು ಪಡೆದದ್ದು ಹಾಗೆಯೇ.

ಮೊದಲನೆಯ ಲೆಕ್ಕ: ಪಾಯಿಂಟಿನ ಬೆಲೆ

ಪಾಯಿಂಟು ಎಂಬುದು ರೂಪಾಯಿ ಅಲ್ಲ. ಅದರ ಬೆಲೆಯನ್ನು ಕಾರ್ಡಿನವರು ಗೊತ್ತುಮಾಡುತ್ತಾರೆ, ಬೇಕಾದಾಗ ಬದಲಿಸುತ್ತಾರೆ. ಒಂದೊಂದು ಕಾರ್ಡಿನ ನಿಯಮ ಒಂದೊಂದು. ನಮ್ಮ ಹಿರಿಯರ ಕಾರ್ಡಿನ ನಿಯಮ ಹೀಗಿತ್ತು: 100 ರೂಪಾಯಿ ಖರ್ಚಿಗೆ 2 ಪಾಯಿಂಟು. ಹೋಟೆಲಿನ ಚೀಟಿ ಪಡೆದರೆ ಪಾಯಿಂಟಿಗೆ 25 ಪೈಸೆ. ಬಿಲ್ಲಿನಲ್ಲೇ ವಜಾ ಮಾಡಿಸಿಕೊಂಡರೆ 20 ಪೈಸೆ.

ಅಂದರೆ 2,000 ರೂಪಾಯಿಯ ಚೀಟಿಗೆ 8,000 ಪಾಯಿಂಟು ಬೇಕು. 8,000 ಪಾಯಿಂಟಿಗೆ ನಾಲ್ಕು ಲಕ್ಷ ರೂಪಾಯಿ ಖರ್ಚು ಮಾಡಿರಬೇಕು. ನೂರಕ್ಕೆ ಸಿಕ್ಕಿದ್ದು 50 ಪೈಸೆ. "ನಾಲ್ಕು ಲಕ್ಷ ನಾನು ಖರ್ಚು ಮಾಡಿದ್ದೇನೆಯೇ?" ಎಂದು ಅವರು ಬೆಚ್ಚಿದರು. ಎರಡು ವರ್ಷದಲ್ಲಿ ಮಾಡಿದ್ದರು. ಆ ಕಾರ್ಡಿನಲ್ಲಿ ಪಾಯಿಂಟಿನ ಆಯುಷ್ಯ ಎರಡೇ ವರ್ಷ.

ಇಲ್ಲಿಯೇ ಗಾಳವಿದೆ. ತಿಂಗಳಿಗೆ 8,000 ರೂಪಾಯಿ ಕಾರ್ಡಿನಲ್ಲಿ ಖರ್ಚು ಮಾಡುವ ಗುಮಾಸ್ತನಿಗೆ ತಿಂಗಳಿಗೆ ಸಿಗುವುದು 160 ಪಾಯಿಂಟು. 8,000 ಸೇರಲು 50 ತಿಂಗಳು, ಅಂದರೆ ನಾಲ್ಕು ವರ್ಷ ಎರಡು ತಿಂಗಳು ಬೇಕು. ಅಷ್ಟರೊಳಗೆ ಮೊದಲಿನ ಪಾಯಿಂಟುಗಳು ಸತ್ತುಹೋಗಿರುತ್ತವೆ. ಎರಡು ವರ್ಷದೊಳಗೆ ಗುರಿ ಮುಟ್ಟಬೇಕಾದರೆ ತಿಂಗಳಿಗೆ ಸುಮಾರು 16,700 ರೂಪಾಯಿ ಖರ್ಚು ಮಾಡಬೇಕು. ಬಹುಮಾನದ ಆಸೆಗೆ ಖರ್ಚು ಇಮ್ಮಡಿಯಾಗುವುದು ಹೀಗೆ. ಇದನ್ನು ಯಾರೂ ಬಲವಂತದಿಂದ ಮಾಡಿಸುವುದಿಲ್ಲ, ನಾವೇ ಮಾಡಿಕೊಳ್ಳುತ್ತೇವೆ.

ಇನ್ನು ಕಾರ್ಡಿಗೆ ವಾರ್ಷಿಕ ಶುಲ್ಕ 499 ರೂಪಾಯಿ ಎಂದಿಟ್ಟುಕೊಳ್ಳಿ. ಶೇಕಡಾ 18 ಜಿಎಸ್‌ಟಿ ಸೇರಿ 588 ರೂ. 82 ಪೈಸೆ. ಪಾಯಿಂಟನ್ನು ಚೀಟಿಯಾಗಿ ಬದಲಿಸಲು ಹಲವು ಬ್ಯಾಂಕುಗಳು ಒಂದು ಸಲಕ್ಕೆ 99 ರೂಪಾಯಿ ತೆಗೆದುಕೊಳ್ಳುತ್ತವೆ. ತೆರಿಗೆ ಸೇರಿ 116 ರೂ. 82 ಪೈಸೆ. ತಿಂಗಳಿಗೆ 8,000 ಖರ್ಚು ಮಾಡುವವನ ವರ್ಷದ ಪಾಯಿಂಟು 1,920; ಬೆಲೆ 480 ರೂಪಾಯಿ. ಕೊಟ್ಟದ್ದು 705 ರೂ. 64 ಪೈಸೆ, ಪಡೆದದ್ದು 480. ಶುಲ್ಕವಿಲ್ಲದ ಕಾರ್ಡಾದರೆ ಮಾತ್ರ ಈ ಬಾಬತ್ತಿನಲ್ಲಿ ಏನಾದರೂ ಉಳಿದೀತು.

ಎರಡನೆಯ ಲೆಕ್ಕ: ಬಡ್ಡಿ

ಬಿಲ್ಲಿನ ಪೂರ್ತಿ ಹಣವನ್ನು ತಾರೀಖಿನೊಳಗೆ ಕಟ್ಟಿದವನಿಗೆ ಬಡ್ಡಿಯಿಲ್ಲ. 'ಕನಿಷ್ಠ ಪಾವತಿ' ಎಂದು ಬಿಲ್ಲಿನಲ್ಲಿ ಒಂದು ಸಣ್ಣ ಅಂಕಿ ಇರುತ್ತದೆ. ಅದನ್ನಷ್ಟೇ ಕಟ್ಟಿದರೆ ದಂಡ ತಪ್ಪುತ್ತದೆ, ಬಡ್ಡಿ ತಪ್ಪುವುದಿಲ್ಲ. ತಿಂಗಳಿಗೆ ಶೇಕಡಾ ಮೂರೂವರೆ ಎಂದರೆ ವರ್ಷಕ್ಕೆ 42. ಕಾರ್ಡಿನ ಬಡ್ಡಿ ವರ್ಷಕ್ಕೆ ಶೇಕಡಾ 30ನ್ನು ಮೀರಬಾರದೆಂದು ರಾಷ್ಟ್ರೀಯ ಗ್ರಾಹಕ ಆಯೋಗವು 2008ರಲ್ಲಿ ತೀರ್ಪು ಕೊಟ್ಟಿತ್ತು. ಸುಪ್ರೀಂ ಕೋರ್ಟು 2024ರ ಡಿಸೆಂಬರ್ 20ರಂದು ಆ ತೀರ್ಪನ್ನು ರದ್ದುಮಾಡಿತು. ಆದಕಾರಣ ನಮ್ಮ ರಕ್ಷಣೆ ನಮ್ಮ ಕೈಯಲ್ಲೇ ಇದೆ.

ನಮ್ಮ ಹಿರಿಯರು ನಾಲ್ಕು ತಿಂಗಳಿನಿಂದ ಕನಿಷ್ಠ ಪಾವತಿಯನ್ನೇ ಕಟ್ಟುತ್ತ ಬಂದಿದ್ದರು. ಬಾಕಿ 30,000 ರೂಪಾಯಿ ಇತ್ತು. ತಿಂಗಳ ಬಡ್ಡಿ 1,050; ಅದರ ಮೇಲೆ ಜಿಎಸ್‌ಟಿ 189; ಒಟ್ಟು 1,239 ರೂಪಾಯಿ. ಎರಡು ತಿಂಗಳ ಬಡ್ಡಿಯೇ 2,478. ಎರಡು ವರ್ಷ ಕೂಡಿಹಾಕಿದ ಚೀಟಿಯನ್ನು ಎರಡು ತಿಂಗಳ ಬಡ್ಡಿ ನುಂಗಿ ನೀರು ಕುಡಿದಿತ್ತು. ಇದು ಸರಳ ಲೆಕ್ಕ. ಬಾಕಿ ಉಳಿಸಿದವನು ಹೊಸದಾಗಿ ಕೊಂಡ ಸಾಮಾನಿಗೂ ಕೊಂಡ ದಿನದಿಂದಲೇ ಬಡ್ಡಿ ಬೀಳುವುದರಿಂದ ನಿಜವಾದ ಹೊರೆ ಇನ್ನೂ ಹೆಚ್ಚು.

ಮೂರನೆಯ ಲೆಕ್ಕ: 'ಬಿಟ್ಟಿ' ಕೋಣೆ

ಬಿಟ್ಟಿ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಎಂದು ಗಾದೆ. ಆದರೆ ಈ ಚೀಟಿ ಬಿಟ್ಟಿಯೇ?

ದೊಡ್ಡ ಹೋಟೆಲಿನ ಕೋಣೆ ಒಂದು ರಾತ್ರಿಗೆ 6,000 ರೂಪಾಯಿ ಎಂದಿಟ್ಟುಕೊಳ್ಳಿ. ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇಕಡಾ 5. ಅದಕ್ಕೆ ಮೇಲ್ಪಟ್ಟ ಕೋಣೆಗೆ 18. ಈ ಕೋಣೆಗೆ ತೆರಿಗೆ 300; ಒಟ್ಟು 6,300. ಚೀಟಿಯ 2,000 ಕಳೆದರೆ ಕೈಯಿಂದ ಕೊಡಬೇಕಾದದ್ದು 4,300 ರೂಪಾಯಿ. ಹೋಗುವ ಅಗತ್ಯವೇ ಇಲ್ಲದವನಿಗೆ ಆ ಚೀಟಿ 2,000ದ ಲಾಭವಲ್ಲ, 4,300ರ ಖರ್ಚು.

ಹಾಗೆಂದು ಹೋಟೆಲಿನ ಚೀಟಿ ಯಾರಿಗೂ ಬೇಡವೆಂದು ನಾನು ಹೇಳುವುದಿಲ್ಲ. ಊರಿನಲ್ಲಿ ಮದುವೆ ನಿಶ್ಚಯವಾಗಿದೆ, ಹೇಗೂ ಕೋಣೆ ಹಿಡಿಯಬೇಕು, ಆ ಊರಿನಲ್ಲಿ ಚೀಟಿ ನಡೆಯುವ ಹೋಟೆಲಿದೆ ಎಂದಾದರೆ ಅದು ನಿಜವಾದ ಉಳಿತಾಯ. ದೊಡ್ಡ ಹೆಸರು ಕೇಳಿ ಹೆದರಬೇಕಾಗಿಯೂ ಇಲ್ಲ. ನಮ್ಮ ಕುರ್ಲಾದಲ್ಲಿ 1886ರಲ್ಲಿ ಸ್ವದೇಶಿ ಗಿರಣಿಯನ್ನು ನಡೆಸಲು ಕೈಹಾಕಿದ ಜಮ್‌ಶೇಟ್‌ಜಿ ಟಾಟಾ ಅವರೇ 1903ರಲ್ಲಿ ಅಪೋಲೋ ಬಂದರಿನ ತಾಜ್ ಹೋಟೆಲನ್ನು ತೆರೆದವರು. ಗಿರಣಿ 2000ದಲ್ಲಿ ಮುಚ್ಚಿತು, ಹೋಟೆಲು ಬೆಳೆಯಿತು. ಅದೇ ಮನೆತನದ ಹೋಟೆಲ್ ಕಂಪನಿ ಸಾಧಾರಣ ಜನರಿಗಾಗಿ ತೆರೆದ ಜಿಂಜರ್ ಎಂಬ ಹೋಟೆಲುಗಳ ಸಾಲು 2004ರಲ್ಲಿ ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ ಬೇರೊಂದು ಹೆಸರಿನಿಂದ ಆರಂಭವಾಯಿತು. ಚೀಟಿ ಎಲ್ಲಿ ನಡೆಯುತ್ತದೆಂದು ಕೇಳಿ ತಿಳಿದುಕೊಂಡರೆ ಆಯಿತು.

ಚೀಟಿ ಪಡೆಯುವವರು ಗಮನಿಸಬೇಕಾದವು

1. ಪಾಯಿಂಟು ಎಷ್ಟಿದೆ, ಎಂದು ಮುಗಿಯುತ್ತದೆ ಎಂಬುದನ್ನು ತಿಂಗಳ ಬಿಲ್ಲಿನಲ್ಲಿ ಅಥವಾ ಬ್ಯಾಂಕಿನ ಸ್ವಂತ ಆ್ಯಪಿನಲ್ಲಿ ನೋಡಿ.

2. ಒಂದೇ ಪಾಯಿಂಟಿಗೆ ಕಿರಾಣಿ ಚೀಟಿ, ಹೋಟೆಲಿನ ಚೀಟಿ, ಬಿಲ್ಲಿನ ವಜಾ ಇವು ಮೂರಕ್ಕೂ ಎಷ್ಟೆಷ್ಟು ಪೈಸೆ ಎಂದು ಬರೆದು ಹೋಲಿಸಿ. ಐದು ಪೈಸೆ ಕಡಿಮೆಯಾದರೂ ಮನೆಗೆ ಬೇಕಾದದ್ದೇ ಲೇಸು.

3. ಚೀಟಿಯ ಷರತ್ತು ಓದಿ. ಯಾವ ಊರಿನ ಯಾವ ಹೋಟೆಲು, ಕೋಣೆಗೋ ಊಟಕ್ಕೋ, ಹಬ್ಬದ ದಿನಗಳಲ್ಲಿ ನಡೆಯುತ್ತದೆಯೋ, ಒಂದು ಬಿಲ್ಲಿಗೆ ಎರಡು ಚೀಟಿ ಕೊಡಬಹುದೋ, ಉಳಿದ ಹಣ ವಾಪಸು ಬರುತ್ತದೆಯೋ. ಕೋಣೆ ಕಾದಿರಿಸುವ ಮೊದಲೇ ಹೋಟೆಲಿಗೆ ಫೋನು ಮಾಡಿ ಕೇಳಿ.

4. ಒಮ್ಮೆ ಚೀಟಿಯಾದದ್ದು ಸಾಮಾನ್ಯವಾಗಿ ಮತ್ತೆ ಪಾಯಿಂಟಾಗುವುದಿಲ್ಲ, ನಗದೂ ಆಗುವುದಿಲ್ಲ. ಆದುದರಿಂದ ಪ್ರಯಾಣ ನಿಶ್ಚಯವಾದ ಮೇಲೆಯೇ ಬದಲಿಸಿ.

5. ಚೀಟಿಯ ಕೊನೆಯ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಇದನ್ನು ಅನುಭವದಿಂದ ಹೇಳುತ್ತೇನೆ. ಅಕ್ಕ ಭಾವ ಬಂದಾಗ ಕೊಡೋಣವೆಂದು ನಾನು ಇಟ್ಟುಕೊಂಡಿದ್ದ ಚೀಟಿ ಮೊಬೈಲಿನಲ್ಲೇ ಅವಧಿ ಮೀರಿ ಸತ್ತಿತು. ಅವರು ಬಂದದ್ದು ಅನಂತರ ಹದಿನೈದು ದಿನಕ್ಕೆ.

6. ಕಾರ್ಡು ಬೇಡವೆಂದು ಮುಚ್ಚಿಸುವವರು ಮೊದಲು ಪಾಯಿಂಟನ್ನು ಬಳಸಿಬಿಡಿ. ಬಾಕಿಯಿಲ್ಲದ ಕಾರ್ಡನ್ನು ಕೇಳಿದ ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿ ಗಿರಾಕಿಗೆ ಕೊಡಬೇಕು ಎಂದು ರಿಜರ್ವ್ ಬ್ಯಾಂಕು 2022ರ ಏಪ್ರಿಲ್ ತಿಂಗಳ ನಿರ್ದೇಶನದಲ್ಲಿ ವಿಧಿಸಿತು. ಕೇಳದೆ ಕಾರ್ಡು ಕೊಡಕೂಡದೆಂದೂ ಅದರಲ್ಲೇ ಇದೆ.

ಒಂದು ಎಚ್ಚರಿಕೆ

"ನಿಮ್ಮ ಸಾವಿರಾರು ರೂಪಾಯಿಯ ಪಾಯಿಂಟು ಇಂದು ರಾತ್ರಿ ಮುಗಿಯುತ್ತದೆ, ಕೂಡಲೇ ಇದನ್ನು ಒತ್ತಿರಿ" ಎಂದು ಸಂದೇಶ ಬಂದರೆ ಕೈ ಹಿಂದಕ್ಕೆ ತೆಗೆಯಿರಿ. ಇಂಥ ಸಂದೇಶದ ಜೊತೆಗೆ ಎಪಿಕೆ ಎಂಬ ಫೈಲು ಕಳಿಸಿ, ಮೊಬೈಲಿನೊಳಗೆ ಹೊಕ್ಕು ಹಣ ದೋಚುವವರಿದ್ದಾರೆ. ತಾನು ಪಾಯಿಂಟಿನ ವಿಚಾರವಾಗಿ ಎಸ್‌ಎಂಎಸ್ಸಿನಲ್ಲಾಗಲಿ ವಾಟ್ಸಪ್ಪಿನಲ್ಲಾಗಲಿ ಅಂಥ ಫೈಲನ್ನಾಗಲಿ ಲಿಂಕನ್ನಾಗಲಿ ಕಳಿಸುವುದಿಲ್ಲವೆಂದು ಭಾರತೀಯ ಸ್ಟೇಟ್ ಬ್ಯಾಂಕು 2024ರಲ್ಲಿ ಜನರನ್ನು ಎಚ್ಚರಿಸಿತು. ಒಟಿಪಿಯನ್ನು ಯಾರಿಗೂ ಹೇಳಬೇಡಿ. ಮೋಸವಾದರೆ ನಾಚಿಕೊಂಡು ಕೂಡಬೇಡಿ. ಕೂಡಲೇ 1930ಕ್ಕೂ ನಿಮ್ಮ ಬ್ಯಾಂಕಿಗೂ ಫೋನು ಮಾಡಿ. ಮೊದಲ ಗಂಟೆಯೇ ಮುಖ್ಯ.

ಹಿರಿಯರು ಮಾಡಿದ್ದು

ಅವರು ಚೀಟಿ ಪಡೆಯಲಿಲ್ಲ. 8,000 ಪಾಯಿಂಟನ್ನೂ 20 ಪೈಸೆಯಂತೆ ಬಿಲ್ಲಿಗೇ ಹಾಕಿಸಿದರು. 1,600 ರೂಪಾಯಿ ಬಾಕಿ ಇಳಿಯಿತು. (ಇದನ್ನು ಸಾಮಾನ್ಯವಾಗಿ ಕನಿಷ್ಠ ಪಾವತಿಯೆಂದು ಎಣಿಸುವುದಿಲ್ಲ, ಅದನ್ನು ಬೇರೆಯಾಗಿಯೇ ಕಟ್ಟಬೇಕು.) ಉಳಿದದ್ದಕ್ಕೆ ತಮ್ಮ ಕೆಲಸದವರ ಪತಪೆಢಿಯಲ್ಲಿ ವರ್ಷಕ್ಕೆ ಶೇಕಡಾ 12ರಂತೆ ಸಾಲ ಪಡೆದು ಕಾರ್ಡಿನ ಬಾಕಿಯನ್ನು ಪೂರ್ತಿ ತೀರಿಸಿದರು. ತಿಂಗಳಿಗೆ 1,239 ಇದ್ದ ಬಡ್ಡಿ 300ರೊಳಕ್ಕೆ ಇಳಿಯಿತು. ಕಾರ್ಡು ಈಗ ಮನೆಯಲ್ಲಿ ಅವರ ಹೆಂಡತಿಯ ಪೆಟ್ಟಿಗೆಯಲ್ಲಿದೆ.

ನಮ್ಮವರ ಸಿಂಡಿಕೇಟ್ ಬ್ಯಾಂಕು (2020ರ ಏಪ್ರಿಲಿನಲ್ಲಿ ಅದು ಕೆನರಾ ಬ್ಯಾಂಕಿನಲ್ಲಿ ಸೇರಿತು) 1928ರಲ್ಲಿ ಪಿಗ್ಮಿ ಯೋಜನೆ ಶುರುಮಾಡಿ, ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ಉಳಿಸುವುದನ್ನು ಕಲಿಸಿತು. ಅಲ್ಲಿ ಉಳಿಸಿದ್ದಕ್ಕೆ ಬಡ್ಡಿ ಸಿಗುತ್ತಿತ್ತು. ಇಲ್ಲಿ ಖರ್ಚು ಮಾಡಿದ್ದಕ್ಕೆ ಪಾಯಿಂಟು ಸಿಗುತ್ತದೆ. ಎರಡರ ಅಂತರವನ್ನು ಮರೆಯದಿದ್ದರೆ ಕಾರ್ಡು ಒಳ್ಳೆಯ ಆಳು. ಮರೆತರೆ ಅದೇ ಯಜಮಾನ.

ಅಂದ ಹಾಗೆ, ಅಮ್ಮ ಬಂದರು. ಮಾಟುಂಗದ ಸ್ಟೇಷನ್ನಿನ ಎದುರು ಎ. ರಾಮ ನಾಯಕರು 1942ರಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಮನೆಮಂದಿಯೆಲ್ಲ ಬಾಳೆಯೆಲೆಯ ಮೇಲೆ ಉಂಡರು. ಹಿರಿಯರು ನಗದು ಕೊಟ್ಟರು. "ಸಾರು ನಮ್ಮ ಮನೆಯದ್ದರ ಹಾಗೆಯೇ ಇತ್ತು ಅಂತ ಅಮ್ಮ ಹೇಳಿದರು" ಎಂದು ಮಾರನೆಯ ದಿನ ಬಂದು ತಿಳಿಸಿದರು.

ಕಾರ್ಡಿನ ಬಿಲ್ಲು ಅರ್ಥವಾಗದ ಸದಸ್ಯರು ಸಂಕೋಚಪಡದೆ ಶನಿವಾರ ಸಂಜೆ ವಾಚನಾಲಯಕ್ಕೆ ತರಬಹುದು. ಕಾರ್ಡಿನ ನಂಬರನ್ನೂ ಗುಪ್ತ ಅಂಕಿಯನ್ನೂ ನನಗೆ ತೋರಿಸಬೇಡಿ; ಬಿಲ್ಲಿನ ಲೆಕ್ಕ ಮಾತ್ರ ಸಾಕು. ಪೆನ್ಸಿಲು ಕಾಗದ ಇಲ್ಲಿಯೇ ಇವೆ.