ಡಬ್ಬಿ ತರಿಸುವ ಮುನ್ನ ತಕ್ಕಡಿ ನೋಡಿ

ಪ್ರಶ್ನೆ: ನಾವು ರಾಣೆಬೆನ್ನೂರು ತಾಲ್ಲೂಕಿನ ಹಳ್ಳಿಯವರು. ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಮಗಳು ಚೊಚ್ಚಲ ಬಾಣಂತನಕ್ಕೆ ಬಂದಿದ್ದಾಳೆ. ಆಸ್ಪತ್ರೆಯಲ್ಲೇ ಹೆರಿಗೆಯಾಯಿತು, ಹೆಣ್ಣು ಕೂಸಿಗೆ ಈಗ 23 ದಿನ. ಹುಟ್ಟಿದಾಗ 2 ಕಿಲೋ 700 ಗ್ರಾಂ ಇತ್ತು, ಮೊನ್ನೆ ಆಶಾ ತೂಗಿದಾಗ 2 ಕಿಲೋ 950. ಆದರೂ ಸಂಜೆಯಾದರೆ ಕೂಸು ಎದೆ ಬಿಡುವುದಿಲ್ಲ, ಬಿಡಿಸಿದರೆ ಅಳುತ್ತದೆ. ಮಗಳ ಎದೆಯೂ ಮೊದಲಿನಷ್ಟು ಬಿಗಿಯಾಗಿಲ್ಲ. ಬೀಗಿತ್ತಿ ಫೋನಿನಲ್ಲಿ ‘ಹಾಲು ಸಾಲುತ್ತಿಲ್ಲ, ಡಬ್ಬಿ ತರಿಸಿ’ ಎನ್ನುತ್ತಾರೆ. ಬಾಣಂತಿ ನೀರು ಹೆಚ್ಚು ಕುಡಿಯಬಾರದು ಎಂದು ನಾನು ಹೇಳಿದರೆ ಮಗಳು ಜಗಳಕ್ಕೆ ಬರುತ್ತಾಳೆ, ಆಮೇಲೆ ತಾನೇ ಅಳುತ್ತಾಳೆ. ಆರು ತಿಂಗಳಿಗೆ ಕೆಲಸಕ್ಕೆ ಮರಳಬೇಕು. ಹತ್ತಿರದಲ್ಲಿ ಯಾರನ್ನು ಕೇಳಲಿ?

ಉತ್ತರ: ಅಕ್ಕಾ, ನಿಮ್ಮ ಕಾಗದದಲ್ಲೇ ಒಳ್ಳೆಯ ಸುದ್ದಿ ಇದೆ. ಹುಟ್ಟಿದ ಮೊದಲ ದಿನಗಳಲ್ಲಿ ಕೂಸುಗಳು ಸ್ವಲ್ಪ ಇಳಿಯುತ್ತವೆ. ಎರಡು ವಾರದ ಹೊತ್ತಿಗೆ ಹುಟ್ಟಿದಾಗಿನ ತೂಕಕ್ಕೆ ಬಂದರೆ ಸರಿ. ನಿಮ್ಮ ಮೊಮ್ಮಗಳು ಅದನ್ನು ದಾಟಿ ಕಾಲು ಕಿಲೋ ಹೆಚ್ಚಿದ್ದಾಳೆ. ದಿನಕ್ಕೆ ಆರು ಸಲವಾದರೂ ಬಟ್ಟೆ ಒದ್ದೆ ಮಾಡುತ್ತಿದ್ದರೆ ಹಾಲು ಸಾಲುತ್ತಿದೆ. ಸಂಜೆ ಮೇಲಿಂದ ಮೇಲೆ ಎದೆ ಕೇಳುವುದು ಈ ವಯಸ್ಸಿನ ಎಷ್ಟೋ ಕೂಸುಗಳ ರೂಢಿ. ಎದೆ ಮೆತ್ತಗಾಗಿರುವುದೂ ಹಾಲು ಬತ್ತಿದ ಗುರುತಲ್ಲ. ಕೂಸಿಗೆ ಬೇಕಾದಷ್ಟನ್ನೇ ಮಾಡುವುದಕ್ಕೆ ಮೈ ಹೊಂದಿಕೊಂಡಿದೆ.

ಕೂಸು ಚೀಪಿದಷ್ಟೂ ಹಾಲು ಬರುತ್ತದೆ. ಡಬ್ಬಿ ಹಾಲಿನಿಂದ ಹೊಟ್ಟೆ ತುಂಬಿದ ಕೂಸು ಎದೆಗೆ ಕಡಿಮೆ ಬರುತ್ತದೆ, ಹಾಲೂ ಕಡಿಮೆಯಾಗುತ್ತದೆ, ಆಗ ಬೀಗಿತ್ತಿಯ ಮಾತು ತಾನಾಗಿ ನಿಜವಾಗುತ್ತದೆ. ಡಬ್ಬಿಯ ಜಾಹೀರಾತನ್ನು ನಮ್ಮ ದೇಶ 1992ರ ಕಾಯ್ದೆಯಲ್ಲೇ ನಿಷೇಧಿಸಿದ್ದು ಸುಮ್ಮನೆ ಅಲ್ಲ. ವೈದ್ಯರು ಕಾರಣ ನೋಡಿ ಬರೆದುಕೊಟ್ಟರೆ ಆ ಮಾತು ಬೇರೆ.

ನೀರಿನ ವಿಷಯದಲ್ಲಿ ನಾನು ನಿಮ್ಮ ಮಗಳ ಕಡೆ. ಹಾಲೂಡುವವಳಿಗೆ ಬಾಯಾರಿಕೆ ಹೆಚ್ಚು, ಬೇಕಾದಷ್ಟು ಕುಡಿಯಲಿ. ಕೂಸಿಗೆ ಮಾತ್ರ ಆರು ತಿಂಗಳವರೆಗೆ ನೀರೂ ಬೇಡ, ಬಜೆ ತೇಯ್ದು ನೆಕ್ಕಿಸುವುದೂ ಬೇಡ. ಜೇನುತುಪ್ಪ ವರ್ಷ ತುಂಬುವವರೆಗೂ ಬೇಡ, ಅದರಿಂದ ಜೀವಕ್ಕೇ ಅಪಾಯವಾಗಬಹುದು. ಉಳಿದಂತೆ ನಿಮ್ಮ ಬಾಣಂತನ ಬೇಕೇ ಬೇಕು. ಸಬ್ಬಸಿಗೆ ಪಲ್ಯ ಮಾಡಿ, ಅಂಟಿನುಂಡಿ ಕಟ್ಟಿ, ಬೆನ್ನಿಗೆ ಎಣ್ಣೆ ತಿಕ್ಕಿ. ರಾತ್ರಿ ಕೂಸು ಕುಡಿದ ಮೇಲೆ ನೀವೇ ಎತ್ತಿಕೊಂಡು ತೇಗಿಸಿ, ಅವಳಿಗೆ ಎರಡು ತಾಸು ನಿದ್ದೆ ಸಿಗಲಿ. ಇದಕ್ಕಿಂತ ದೊಡ್ಡ ಆಸರೆಯನ್ನು ಯಾವ ಆಸ್ಪತ್ರೆಯೂ ಕೊಡಲಾರದು.

ಇನ್ನು, ಯಾರನ್ನು ಕೇಳಲಿ ಎಂದಿರಿ. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ 3, 7, 14, 21, 28 ಮತ್ತು 42ನೇ ದಿನ ಬರಬೇಕು. ತೂಗಿ ಬರೆದುಕೊಂಡು ಹೋಗುವುದಷ್ಟೇ ಅವರ ಕೆಲಸವಲ್ಲ. ಹಾಲೂಡುವುದನ್ನು ಕೂತು ನೋಡಿ ತಿದ್ದುವುದೂ ಅವರ ಕೆಲಸವೇ. 28ನೇ ದಿನ ಬಂದಾಗ ಅವಸರ ಮಾಡಗೊಡಬೇಡಿ. ಕೂಸಿನ ಬಾಯಿ ಅಗಲವಾಗಿ ತೆರೆದಿದೆಯೇ, ತೊಟ್ಟಿನ ಸುತ್ತಲ ಕಪ್ಪು ಭಾಗ ಬಹುಪಾಲು ಬಾಯೊಳಗಿದೆಯೇ, ಗದ್ದ ಎದೆಗೆ ತಾಗಿದೆಯೇ ಎಂದು ಅವರು ನೋಡಲಿ, ನೀವೂ ಪಕ್ಕದಲ್ಲಿ ಕೂತು ನೋಡಿ. ತೊಟ್ಟು ಬಿರಿದು ನೋಯುತ್ತಿದ್ದರೆ ಹೆಚ್ಚಿನ ಸಲ ತಪ್ಪು ಇಲ್ಲೇ ಸಿಗುತ್ತದೆ. ಆಶಾಗೆ ಬಗೆಹರಿಯದಿದ್ದರೆ ಉಪಕೇಂದ್ರದ ಸಿಸ್ಟರ್ ಇದ್ದಾರೆ, ನಡುರಾತ್ರಿ ಸಂಶಯ ಬಂದರೆ 104 ಆರೋಗ್ಯ ಸಹಾಯವಾಣಿ ಇದೆ. ಅಂಗನವಾಡಿಯಲ್ಲಿ ಮಾತೃಪೂರ್ಣ ಯೋಜನೆಯ ಬಿಸಿಯೂಟ ಬಾಣಂತಿಯರಿಗೂ ಇದೆ, 2017ರಿಂದ. ಹೆರಿಗೆಗೆ ತವರಿಗೆ ಬಂದವರ ಹೆಸರು ಎಷ್ಟೋ ಸಲ ಎರಡೂ ಊರಿನ ಪಟ್ಟಿಯಿಂದ ಬಿಟ್ಟುಹೋಗುತ್ತದೆ. ತಾಯಿ ಕಾರ್ಡ್ ಹಿಡಿದು ಹೋಗಿ ಟೀಚರನ್ನು ಕೇಳಿ.

ಮಗಳ ಅಳುವನ್ನು ಜಗಳದ ಲೆಕ್ಕಕ್ಕೆ ಹಾಕಬೇಡಿ. ಹೆರಿಗೆಯಾದ ಮೊದಲ ವಾರ ಅಳು ಬರುವುದು ಸಾಮಾನ್ಯ. ಎರಡು ವಾರ ದಾಟಿದರೂ ದಿನಾ ಅಳುತ್ತಿದ್ದರೆ, ಕೂಸು ಮಲಗಿದಾಗಲೂ ನಿದ್ದೆ ಬಾರದಿದ್ದರೆ, ಬದುಕೇ ಬೇಡ ಎಂಬಂಥ ಮಾತು ಬಂದರೆ ಅದು ಚಿಕಿತ್ಸೆ ಬೇಕಾದ ಕಾಯಿಲೆ. 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಕೆಲಸದ ಚಿಂತೆ ಈಗಲೇ ಬೇಡ, ಹಕ್ಕು ಮಾತ್ರ ಗೊತ್ತಿರಲಿ. ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳದ ರಜೆ. ಇಎಸ್‌ಐ ಇದ್ದರೆ ಹಣ ಅಲ್ಲಿಂದ ಬರುತ್ತದೆ. ಐವತ್ತು ಜನ ದುಡಿಯುವ ಕಡೆ ಶಿಶುಪಾಲನಾ ಕೋಣೆ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಬರಬಹುದು. ಅಳಿಯನಿಗೆ ಹೇಳಿ, ಕಾರ್ಖಾನೆಗೆ ಹೋಗಿ ಆ ಕೋಣೆ ನಿಜವಾಗಿ ನಡೆಯುತ್ತಿದೆಯೇ ಎಂದು ಈಗಲೇ ವಿಚಾರಿಸಲಿ. ಅಲ್ಲಿ ಬಿಡಲಾಗದಿದ್ದರೆ ಹಾಲನ್ನು ಕೈಯಿಂದ ಹಿಂಡಿ, ತೊಳೆದು ನೀರಿನಲ್ಲಿ ಕುದಿಸಿದ ಸ್ಟೀಲ್ ಬಟ್ಟಲಲ್ಲಿ ಮುಚ್ಚಿಡಬಹುದು. ಹೊರಗಿಟ್ಟರೆ ನಾಲ್ಕು ತಾಸಿನೊಳಗೆ ಕುಡಿಸಿ, ನಿಮ್ಮ ಹಳೆಯ ಒಳಲೆಯಲ್ಲೇ. ಬಾಟಲಿ ಬೇಡ.

ಕೂಸು ಎಬ್ಬಿಸಿದರೂ ಕುಡಿಯದಿದ್ದರೆ, ಉಚ್ಚೆ ಕಡಿಮೆಯಾದರೆ, ಮೈ ಸುಟ್ಟರೆ ಅಥವಾ ತಣ್ಣಗಾದರೆ, ಉಸಿರು ಜೋರಾದರೆ 108ಕ್ಕೆ ಕರೆ ಮಾಡಿ. ಮಗಳ ಎದೆ ಕೆಂಪಾಗಿ ಗಟ್ಟಿಯಾಗಿ ಜ್ವರ ಬಂದರೆ ಅವತ್ತೇ ವೈದ್ಯರಿಗೆ ತೋರಿಸಿ. ಹಾಲೂಡುವುದನ್ನು ಮಾತ್ರ ನಿಲ್ಲಿಸಬೇಡಿ.

ಬೀಗಿತ್ತಿಗೆ ಇವತ್ತೇ ಫೋನ್ ಮಾಡಿ ಆ ತೂಕದ ಲೆಕ್ಕ ಹೇಳಿ. 28ನೇ ದಿನದ ತೂಕವನ್ನೂ ಹೇಳುತ್ತೇನೆ, ಅಲ್ಲಿಯವರೆಗೆ ಡಬ್ಬಿಯ ಮಾತು ಬೇಡ ಎನ್ನಿ.